ಚಕ್ರ ಬಿಚ್ಚದ ಮನೆಗಳು

ಕೊಳ್ಳಲೆಂದು ಚಕ್ರದ ಮೇಲಿನ ಹಳೆಯ ಟ್ರೇಲರ್ ಮನೆ ನೋಡಲು ಹೋದಾಗ ಆರ್ಡೀಲಿಯಾ ಸ್ಪೈಟ್ ಬಾಗಿಲಲ್ಲೇ ಬೂಟು ಕಳಚುತ್ತಿದ್ದಳು. ಕಾಲುಚೀಲವನ್ನೂ ತೆಗೆದು ಬೂಟಿನೊಳಕ್ಕೆ ತುರುಕಿ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದಳು. ಎಷ್ಟು ಮರ್ಯಾದಸ್ಥೆ ಎಂದು ಮಾರುವವರು ಹಿಗ್ಗುತ್ತಿದ್ದರು. ಪಾಪ, ಅದು ಮರ್ಯಾದೆಯಲ್ಲ, ತಪಾಸಣೆ ಎಂದು ಅವರಿಗೇನು ಗೊತ್ತು?

ಅವಳ ಅಂಗಾಲಿಗೆ ಕಣ್ಣಿತ್ತು. ಅಡಿಗೆಮನೆಯಿಂದ ಮಲಗುವ ಕೋಣೆಯವರೆಗೆ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ನಡೆದು ಹಿಂದಿರುಗುವಷ್ಟರಲ್ಲಿ, ಎಲ್ಲಿ ಹಲಗೆ ನೀರು ಕುಡಿದು ಉಬ್ಬಿದೆ, ಎಲ್ಲಿ ಕೆಳಗಿನ ತೊಲೆ ಬಾಗಿದೆ, ಯಾವ ಪೈಪು ಸೋರಲು ಶುರುವಾಗಿ ಎಷ್ಟು ಚಳಿಗಾಲ ಕಳೆಯಿತು, ಎಲ್ಲವೂ ಅವಳಿಗೆ ತಿಳಿದಿರುತ್ತಿತ್ತು. ಆಮೇಲೆ ಕೈಚೀಲದಿಂದ ಒಂದು ಕೋಳಿಮೊಟ್ಟೆ ತೆಗೆದು ಅಡಿಗೆಮನೆಯ ನೆಲದ ಮೇಲಿಡುತ್ತಿದ್ದಳು. ಮೊಟ್ಟೆ ಎತ್ತ ಉರುಳಿತೋ ಅತ್ತ ಮನೆ ಕುಸಿದಿದೆ. ಇಟ್ಟಲ್ಲೇ ಇದ್ದರೆ ಆ ಮನೆಯನ್ನು ಅವಳು ಬಿಡುತ್ತಿರಲಿಲ್ಲ. ಸಂಜೆ ಅದೇ ಮೊಟ್ಟೆಯನ್ನು ಒಡೆದು ಹುರಿದುಕೊಂಡು ತಿನ್ನುತ್ತಿದ್ದಳು. ವ್ಯಾಪಾರದಲ್ಲಿ ಏನನ್ನೂ ದಂಡ ಮಾಡಬಾರದು ಎಂಬುದು ಅವಳ ಮತ.

ಇನ್ನು ಸ್ನಾನದ ತೊಟ್ಟಿಯ ಪಕ್ಕ. ಹಳೆಯ ಟ್ರೇಲರಿನಲ್ಲಿ ಆ ಜಾಗದ ನೆಲ ಮೆತ್ತಗಿರದ ಮನೆಯನ್ನು ನಾನು ಕಂಡಿಲ್ಲ. ಅವಳು ಅಲ್ಲಿ ನಿಂತು, ಒಂದು ಮಾತೂ ಆಡದೆ, ಮಗುವನ್ನು ಮಲಗಿಸುವವಳಂತೆ ಮೆಲ್ಲಗೆ ತೂಗಾಡುತ್ತಿದ್ದಳು. ನೆಲ ಕಿರ್ ಕಿರ್ ಎನ್ನುತ್ತಿತ್ತು. ಎರಡು ಸಾವಿರ ಡಾಲರ್ ಹೇಳಿದ್ದವನು ಸಾವಿರದ ಎಂಟುನೂರು ಎನ್ನುತ್ತಿದ್ದ. ಇವಳು ತೂಗಾಡುತ್ತಲೇ ಇರುತ್ತಿದ್ದಳು. ಅವನು ಸಾವಿರದ ಐನೂರಕ್ಕೆ ಇಳಿಯುತ್ತಿದ್ದ. ಸಾವಿರದ ಇನ್ನೂರಕ್ಕೆ ಬಂದಾಗ ತೂಗಾಟ ನಿಲ್ಲುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಬಾಯಿ ತೆರೆದು ಚೌಕಾಸಿ ಮಾಡಿದ್ದನ್ನು ನಾನಂತೂ ನೋಡಲಿಲ್ಲ.

ನಾನು ಥ್ಯಾಡ್ ರಫಿನ್. ಮನೆ ಎಳೆಯುವುದು ನನ್ನ ಕಸುಬು. ಅಂದರೆ ಒಬ್ಬರ ಜಾಗದಲ್ಲಿರುವ ಟ್ರೇಲರ್ ಮನೆಯನ್ನು ಲಾರಿಗೆ ಕಟ್ಟಿ ಇನ್ನೊಬ್ಬರ ಜಾಗಕ್ಕೆ ಒಯ್ದು ನಿಲ್ಲಿಸುವುದು. ಆರ್ಡೀಲಿಯಾ ಕೊಂಡು ಮಾರಿದ ಮೂವತ್ತಾರು ಮನೆಗಳಲ್ಲಿ ಮೂವತ್ತಾರನ್ನೂ ಎಳೆದವನು ನಾನೇ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಹಾಗಾಗಿ ಎದುರಿಗೆ ಅಕ್ಕ ಎನ್ನುತ್ತಿದ್ದೆ, ಬೆನ್ನ ಹಿಂದೆ ಬೇರೆ ಏನೇನೋ ಎನ್ನುತ್ತಿದ್ದೆ. ಅದಕ್ಕೆ ಕಾರಣ ಇತ್ತು, ಹೇಳುತ್ತೇನೆ.

ಅವಳು ಮೊದಲು ಗುಡ್ಡದ ಮೇಲಿನ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಹದಿನಾಲ್ಕು ವರ್ಷ ಗಂಡಸರ ಪ್ಯಾಂಟಿಗೆ ಜಿಪ್ ಹೊಲಿದಳು. ಒಂದು ಶುಕ್ರವಾರ ಕಾರ್ಖಾನೆ ಮುಚ್ಚಿತು. ಕೈಗೆ ಎರಡು ಸಾವಿರ ಚಿಲ್ಲರೆ ಡಾಲರ್ ಕೊಟ್ಟು ಕಳಿಸಿದರು. ಬೇರೆ ಹೆಂಗಸರು ಆ ದುಡ್ಡಿನಲ್ಲಿ ಹಲ್ಲು ಕಟ್ಟಿಸಿಕೊಂಡರು, ಫ್ರಿಜ್ ತಂದರು, ಮಗಳ ಮದುವೆ ಮಾಡಿದರು. ಆರ್ಡೀಲಿಯಾ ಒಂದು ಹಸಿರು ಬಣ್ಣದ ಟ್ರೇಲರ್ ಮನೆ ಕೊಂಡಳು. ವಾಸಕ್ಕಲ್ಲ, ಮಾರುವುದಕ್ಕೆ. ಬ್ಯಾಂಕಿನವನು ನಕ್ಕನಂತೆ. ನೆಲದ ಮೇಲೆ ಕಟ್ಟಿದ ಮನೆಗೆ ವರ್ಷವರ್ಷ ಬೆಲೆ ಏರುತ್ತದೆ, ಚಕ್ರದ ಮೇಲಿನ ಮನೆಗೆ ವರ್ಷವರ್ಷ ಇಳಿಯುತ್ತದೆ, ಇಳಿಯುವುದರ ಮೇಲೆ ಯಾರಾದರೂ ದುಡ್ಡು ಹಾಕುತ್ತಾರೆಯೇ ಎಂದನಂತೆ. ಬೆಲೆ ಇಳಿದು ತಳ ಮುಟ್ಟಿದ್ದನ್ನೇ ಕೊಂಡರೆ ಇನ್ನೆಲ್ಲಿಗೆ ಇಳಿಯುತ್ತದೆ ಎಂದು ಇವಳು ಕೇಳಿದಳು.

ಆರು ವಾರ ಅವಳೇ ಮಂಡಿಯೂರಿ ನೆಲದ ಹಲಗೆ ಬದಲಾಯಿಸಿದಳು, ಚಾವಣಿಗೆ ಟಾರು ಬಳಿದಳು, ಹದಿನಾಲ್ಕು ವರ್ಷದ ಹೊಲಿಗೆಯ ಕೈಯಲ್ಲಿ ಹತ್ತು ಕಿಟಕಿಗೂ ಪರದೆ ಹೊಲಿದಳು. ಮಾರುವ ದಿನ ಒಲೆಯ ಮೇಲೆ ಸಿಹಿಗೆಣಸಿನ ಕಡುಬು ಬೇಯುತ್ತಿತ್ತು. ಕೊಳ್ಳಲು ಬಂದವರು ಮನೆಯ ಬೆಲೆ ಕೇಳುವ ಮೊದಲು ಕಡುಬು ಕೇಳಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವಳ ಕೈಗೆ ಟಾರು ಮೆತ್ತಿತ್ತು, ಅಷ್ಟೇ ವ್ಯತ್ಯಾಸ.

ಆ ಮೊದಲ ಮನೆ ಕೊಂಡವಳು ಮೋಜೆಲ್ ಬ್ಯಾಟಲ್. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮೆಷಿನಿನಲ್ಲಿ ಕೂತವರು. ಇವಳು ಜಿಪ್ ಹೊಲಿದರೆ ಅವಳು ಜೇಬು ಹೊಲಿಯುತ್ತಿದ್ದಳು. ಚರ್ಚಿನ ಹಾಡಿನ ಗುಂಪಿನಲ್ಲೂ ಅಕ್ಕಪಕ್ಕ.

ಈಗ ನನ್ನ ಕಸುಬಿನ ಒಂದು ವಿಚಾರ ಹೇಳಬೇಕು. ಮನೆಯನ್ನು ಜಾಗಕ್ಕೆ ತಂದು, ಜ್ಯಾಕ್ ಕೊಟ್ಟು ಎತ್ತಿ, ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂರಿಸಿದ ಮೇಲೆ, ಕೆಳಗೆ ಅಚ್ಚಿನಂಥ ಮೂರು ಆಕ್ಸಲ್, ಅವುಗಳ ತುದಿಗೆ ಆರು ಚಕ್ರ ಸುಮ್ಮನೆ ನೇತಾಡುತ್ತಿರುತ್ತವೆ. ಮುಂದುಗಡೆ ಗಾಡಿಯ ಮೂಕಿಯಂಥ ಕಬ್ಬಿಣವೊಂದು ಚಾಚಿಕೊಂಡಿರುತ್ತದೆ. ಆಗ ನಮ್ಮಂಥವರು ಟೋಪಿ ಹಿಂದಕ್ಕೆ ಸರಿಸಿ, ಚಕ್ರ ಇಟ್ಕೋತೀರಾ ಕೊಡ್ತೀರಾ ಎಂದು ಕೇಳುವುದು ವಾಡಿಕೆ. ಎಲ್ಲರೂ ಕೊಡುತ್ತಾರೆ. ಹೊಸದಾಗಿ ಮನೆ ಕೊಂಡು ಕೈ ಖಾಲಿಯಾಗಿರುತ್ತದೆ, ಇನ್ನೂರು ಡಾಲರ್ ಬಂದರೆ ಒಂದು ತಿಂಗಳ ದಿನಸಿ ಆಯಿತು. ಇನ್ನೆಲ್ಲಿಗೆ ಹೋಗಲಿಕ್ಕಿದೆ, ಮನೆ ಬಂತಲ್ಲ ಎಂಬ ಸಮಾಧಾನ ಬೇರೆ. ಚಕ್ರ ಹೋದ ಮೇಲೆ ಸುತ್ತ ತಗಡಿನ ಮರೆ ಕಟ್ಟಿ, ಮುಂದೆ ಹೂವಿನ ಗಿಡ ನೆಟ್ಟು, ಅದು ಮೊದಲಿನಿಂದಲೂ ಅಲ್ಲೇ ಬೆಳೆದ ಮನೆ ಎಂಬಂತೆ ಇರುತ್ತಾರೆ. ನಮ್ಮ ಜನ ಪದೇಪದೇ ಮಾಡುವ ತಪ್ಪು ಇದೇ. ನನ್ನಂಥವರ ಅನ್ನವೂ ಇದೇ.

ಮೋಜೆಲ್ ಮನೆಗೆ ಬಂದ ಎರಡನೇ ವಾರವೇ ಅವಳ ಗಂಡ ಹಾಸಿಗೆ ಹಿಡಿದ. ತಿಂಗಳೊಳಗೆ ಔಷಧಿಗೆ ದುಡ್ಡು ಬೇಕಾಯಿತು. ಆರ್ಡೀಲಿಯಾ ಇನ್ನೂರಕ್ಕೆ ಚಕ್ರ ತಗೊಂಡು, ಮಾರನೇ ದಿನವೇ ನನಗೆ ಮುನ್ನೂರ ಐವತ್ತಕ್ಕೆ ಕೊಟ್ಟಳು. ಅವಳ ಎರಡನೆಯ ಲಾಭ ಅದು. ಒಂದು ವರ್ಷ ಕಳೆಯಿತು, ಮೋಜೆಲಳ ಗಂಡ ತೀರಿಕೊಂಡ, ಅವಳು ಬಾಡಿಗೆಗಿದ್ದ ಜಾಗವನ್ನು ಅದರ ಒಡೆಯ ಪೆಟ್ರೋಲ್ ಬಂಕಿಗೆ ಮಾರಿದ. ಮನೆ ಎತ್ತಬೇಕು, ಚಕ್ರ ಇಲ್ಲ. ನಾನು ಬಾಡಿಗೆ ಚಕ್ರ ತಂದೆ. ಐನೂರು ಡಾಲರ್ ಎಂದೆ. ಮೋಜೆಲ್ ಕಾರ್ನ್‌ಫ್ಲೇಕ್ಸ್ ಡಬ್ಬಿಯಲ್ಲಿ ಕೂಡಿಟ್ಟ ನೋಟು ತೆಗೆದು ಕೊಟ್ಟಳು. ಪೆಕಾನ್ ಓಣಿಗೆ ಬಂದು ಮನೆ ಇಳಿಸಿ ನಾನು ಚಕ್ರ ಬಿಚ್ಚುವಾಗ ಅವಳು ಬಗ್ಗಿ ನೋಡಿದಳು. ಗಂಡ ಬದುಕಿದ್ದಾಗ ಒಂದು ಚಕ್ರದ ಮೇಲೆ ಬಿಳಿ ಬಣ್ಣ ಚೆಲ್ಲಿದ್ದನಂತೆ. ಆ ಬಿಳಿ ಹಾಗೇ ಇತ್ತು. ಅವಳದೇ ಚಕ್ರ.

ಅವಳು ಬೈದಿದ್ದರೆ ಒಳ್ಳೆಯದಿತ್ತು. ಒಂದು ಮಾತೂ ಆಡಲಿಲ್ಲ. ನನ್ನ ಜೊತೆ ಒಂದೆರಡು ವರ್ಷಕ್ಕೆ ಸರಿಹೋದಳು, ಆದರೆ ಆರ್ಡೀಲಿಯಾಳ ಜೊತೆ ಅಂದು ಬಿಟ್ಟ ಮಾತು ಹತ್ತೊಂಬತ್ತು ವರ್ಷ ಬಿಟ್ಟೇ ಇತ್ತು. ಹಾಡಿನ ಗುಂಪಿನಲ್ಲಿ ಇಬ್ಬರ ನಡುವೆ ಒಂದು ಖಾಲಿ ಜಾಗ ಇರುತ್ತಿತ್ತು. ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಅಂದಿನಿಂದ ಆರ್ಡೀಲಿಯಾ ಒಂದು ಕಟ್ಟುಪಾಡು ಮಾಡಿಕೊಂಡಳು. ಅವಳು ಮಾರುವ ಮನೆಯ ಕೆಳಗಿಂದ ಚಕ್ರ ತೆಗೆಯುವಂತಿಲ್ಲ, ಮೂಕಿ ಕತ್ತರಿಸುವಂತಿಲ್ಲ. ಹಾಗೆಂದು ಕೊಳ್ಳುವವರ ಕೈಯಲ್ಲಿ ಬೈಬಲ್ ಮುಟ್ಟಿಸಿ ಮಾತು ತಗೊಳ್ಳುತ್ತಿದ್ದಳು. ಇದರಿಂದ ನನಗೆಷ್ಟು ನಷ್ಟ ಲೆಕ್ಕ ಹಾಕಿ. ಮೂವತ್ತೈದು ಮನೆ, ಒಂದು ಚಕ್ರವೂ ನನ್ನ ಕೈಗೆ ಬರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಕ್ಕ, ನೀನು ಜನಕ್ಕೆ ಮನೆ ಮಾರ್ತಿದ್ದೀಯೋ ಬಸ್ಸು ಮಾರ್ತಿದ್ದೀಯೋ?"

"ಎದ್ದು ಹೋಗಕ್ಕೆ ಆಗ್ದೇ ಇದ್ರೆ ಅದು ಮನೆಯಲ್ಲ ಕಣೋ, ಬೋನು," ಎಂದಳು. "ಯಾರ್ಯಾರು ಆ ಬೋನು ಮಾಡವ್ರೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಟೋಪಿ ಸರಿಮಾಡಿಕೊಂಡು ಲಾರಿ ಹತ್ತಿದೆ.

ಪೆಕಾನ್ ಓಣಿಯಲ್ಲಿ ಹತ್ತು ಮನೆ. ಎಂಟು ಅವಳು ಚಕ್ರ ಸಮೇತ ಮಾರಿದ್ದು. ಓಣಿಯ ತುದಿಯಲ್ಲಿ, ಬ್ಲ್ಯಾಕ್ ಗಮ್ ಹೊಳೆಗೆ ಹತ್ತಿರವಾಗಿ, ಎದುರುಬದುರಾಗಿ ಉಳಿದೆರಡು. ಒಂದು ಆರ್ಡೀಲಿಯಾ ಸ್ವಂತಕ್ಕೆ ಇಟ್ಟುಕೊಂಡಿದ್ದು, ಇನ್ನೊಂದು ಮೋಜೆಲಳ ಹಸಿರು ಮನೆ. ಹೊಸವರ್ಷದ ದಿನ ಊರೆಲ್ಲ ಸೊಪ್ಪು, ಅಲಸಂದೆ, ಹಂದಿಮಾಂಸ ತಿಂದು ಸೋಫಾದ ಮೇಲೆ ಬಿದ್ದಿರುವಾಗ, ಆರ್ಡೀಲಿಯಾ ಗ್ರೀಸಿನ ಡಬ್ಬಿ, ಗಾಳಿ ಪಂಪು ಹಿಡಿದು ಒಂದೊಂದೇ ಮನೆಯ ಕೆಳಗೆ ತೆವಳುತ್ತಿದ್ದಳು. ಚಕ್ರಕ್ಕೆ ಗಾಳಿ, ಬೇರಿಂಗಿಗೆ ಗ್ರೀಸು. ಎಂದೂ ಹೋಗದ ಮನೆಗೆ ಪ್ರತಿ ವರ್ಷ. ಮೇಲಿಂದ ಜನ ನೆಲಕ್ಕೆ ಕಾಲು ಕುಟ್ಟಿ, ಇಲಿ ಬಂದೈತೆ ಎಂದು ಗೇಲಿ ಮಾಡುತ್ತಿದ್ದರು. ಹೋರೇಸ್ ಎಂಬವನೊಬ್ಬ ಕೊಟ್ಟ ಮಾತು ಮರೆತು ಒಂದು ಟಯರು ಬಿಚ್ಚಿ, ಅಂಗಳದಲ್ಲಿ ಮಲಗಿಸಿ, ಸುಣ್ಣ ಬಳಿದು, ನಡುವೆ ಹೂ ನೆಟ್ಟಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅವಳು ಅದನ್ನು ನೋಡಿದಳು. ಪ್ರತಿ ಹೊಸವರ್ಷಕ್ಕೆ ಓಣಿಯ ಮನೆಮನೆಗೂ ಹಂಚುವ ಗೆಣಸಿನ ಕಡುಬು ಆ ವರ್ಷ ಅವನ ಮನೆಗೆ ಬರಲಿಲ್ಲ.

ಹೊಸವರ್ಷದ ಸಂಜೆ ಅವಳು ಮೋಜೆಲಳ ಮನೆಯ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಿದ್ದಳು. ಆ ಮನೆಯ ಕೆಳಗೆ ಗ್ರೀಸು ಹಚ್ಚಲು ಏನೂ ಇರಲಿಲ್ಲ. ಮೂರು ಸಲ ನನ್ನ ಕೈಯಲ್ಲಿ ಚಕ್ರ ಕೊಟ್ಟು ಕಳಿಸಿದ್ದಳು. ಮೂರು ಸಲವೂ ಮೋಜೆಲ್ ಬಾಗಿಲಲ್ಲಿ ನಿಂತು, ಲಾರಿ ತಿರುಗಿಸಪ್ಪ ಎಂದು ನನಗೆ ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದಳು.

ಅವಳು ವ್ಯಾಪಾರಕ್ಕಿಳಿದ ಇಪ್ಪತ್ತನೇ ವರ್ಷದ ಚಂಡಮಾರುತ ಗುರುವಾರ ಬಂದು ಶುಕ್ರವಾರ ಹೋಯಿತು. ನಾಲ್ಕು ಮರ ಬಿದ್ದವು, ಚರ್ಚಿನ ಗಂಟೆಗೋಪುರದ ತಗಡು ಹಾರಿತು, ಅಷ್ಟೇ. ಶನಿವಾರ ಬಿಸಿಲು ಬಿತ್ತು. ಜನ ಬಟ್ಟೆ ಒಣಹಾಕಿದರು, ಮೀನು ಕರಿದರು. ಹೊಳೆಯ ಗುಣ ಬಲ್ಲವರಿಗೆ ಮಾತ್ರ ಗೊತ್ತು, ನಮ್ಮ ನೀರು ಮಳೆಯ ಜೊತೆ ಬರುವುದಿಲ್ಲ, ಮಳೆ ಹೋದ ಮೂರನೇ ದಿನ ಮೇಲಿನ ಜಿಲ್ಲೆಗಳಿಂದ ಸದ್ದಿಲ್ಲದೆ ಬರುತ್ತದೆ. ಮಧ್ಯಾಹ್ನ ಶೆರಿಫ್ ಕಚೇರಿಯ ಪೇದೆ ಬಂದು, ಸೋಮವಾರ ಸಂಜೆಯ ಹೊತ್ತಿಗೆ ಓಣಿಯಲ್ಲಿ ಆಳುದ್ದ ನೀರು ನಿಲ್ಲುತ್ತದೆ, ಕಾರಿನಲ್ಲಿ ಹಿಡಿಸುವಷ್ಟು ತಗೊಂಡು ಹೊರಡಿ ಎಂದ.

ಆರ್ಡೀಲಿಯಾ ಅವನ ಮಾತು ಪೂರ್ತಿ ಕೇಳಿದಳು. ಆಮೇಲೆ, ಕಾರಿನಲ್ಲಿ ಹಿಡಿಸುವಷ್ಟೇ ಯಾಕೆ, ಮನೆಯನ್ನೇ ತಗೊಂಡು ಹೋಗ್ತೀವಿ ಎಂದಳು.

ಅವನು ಬಿಸಿಲಿಗೆ ಇವಳ ತಲೆ ತಿರುಗಿದೆ ಎಂದುಕೊಂಡ. ನಾನೂ ಹಾಗೇ ಅಂದುಕೊಂಡೆ. ಒಂದು ಮನೆ ಬಿಚ್ಚಿ ಎಳೆಯಲು ನನಗೆ ಒಂದು ದಿನ ಬೇಕು. ಇಲ್ಲಿ ಹತ್ತು ಮನೆ, ಎರಡು ದಿನ. ಆದರೆ ಅವಳು ಎಲ್ಲವನ್ನೂ ಆಗಲೇ ಹೊಂದಿಸಿಕೊಂಡಿದ್ದಳು. ಎರಡು ಮೈಲಿ ಮೇಲೆ ಮುಚ್ಚಿದ ಹೊಲಿಗೆ ಕಾರ್ಖಾನೆಯ ಅಂಗಳವಿದೆ, ಟಾರು ಹಾಕಿದ್ದು, ಮಟ್ಟಸವಾದದ್ದು. ಗೆಣಸಿನ ಹೊಲದವರ ಬಳಿ ದೊಡ್ಡ ಟ್ರಾಕ್ಟರ್‌ಗಳಿವೆ. ಚಕ್ರದಲ್ಲಿ ಗಾಳಿ ಇದೆ. ಬೇರಿಂಗಿನಲ್ಲಿ ಗ್ರೀಸು ಇದೆ.

ಭಾನುವಾರ ಬೆಳಿಗ್ಗೆ ಅವಳು ಕಾರ್ಖಾನೆಯ ಗೇಟಿನ ಬೀಗವನ್ನು ಕಬ್ಬಿಣದ ಕತ್ತರಿಯಿಂದ ಕತ್ತರಿಸಿದಳು. ಪೇದೆ ಅಲ್ಲೇ ಇದ್ದ. "ಹದ್ನಾಕು ವರ್ಷ ಇದೇ ಗೇಟಲ್ಲಿ ಹೊತ್ತಿಗೆ ಸರಿಯಾಗಿ ಬಂದಿದ್ದೀನಿ ಕಣಪ್ಪ, ಇವತ್ತೂ ತಡ ಮಾಡೋದಿಲ್ಲ," ಎಂದಳು. ಅವನು ನೋಟ್‌ಬುಕ್ ತೆಗೆದು, ಬೀಗ ಮೊದಲೇ ಮುರಿದಿತ್ತು ಅಂತ ಬರ್ಕೋತೀನಿ ಎಂದ.

ನಾನು ಇಪ್ಪತ್ತೆಂಟು ವರ್ಷ ಮನೆ ಎಳೆದಿದ್ದೇನೆ. ಆ ಭಾನುವಾರದಂಥದ್ದನ್ನು ಹಿಂದೆ ನೋಡಿಲ್ಲ, ಮುಂದೆ ನೋಡುವುದೂ ಇಲ್ಲ. ತಗಡಿನ ಮರೆ ಕಿತ್ತು ಎಸೆದರು, ಕರೆಂಟು, ನೀರು, ಕೊಳಚೆ ಪೈಪು ಬಿಚ್ಚಿದರು, ಜ್ಯಾಕ್ ಕೊಟ್ಟು ಇಟ್ಟಿಗೆ ತೆಗೆದರು. ಹೋರೇಸ್ ಹೂವನ್ನು ಬೇರು ಸಹಿತ ಚೆಲ್ಲಿ, ಸುಣ್ಣ ಬಳಿದ ಟಯರನ್ನು ತಲೆ ತಗ್ಗಿಸಿಕೊಂಡು ಉರುಳಿಸಿ ತಂದ. ಯಾರೂ ನಗಲಿಲ್ಲ, ನಗಲು ಪುರುಸೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಮೊದಲ ಮನೆ ಅಲುಗಾಡಿತು. ಹನ್ನೆರಡು ವರ್ಷ ಕದಲದೆ ಕೂತಿದ್ದ ಮನೆ ಅದು. ನಾನು ಲಾರಿಯ ಗೇರು ಹಾಕಿದಾಗ ಬೇರಿಂಗು ಕಿರುಗುಟ್ಟುತ್ತದೆ ಎಂದು ಕಿವಿ ಗಟ್ಟಿಮಾಡಿ ಕೂತಿದ್ದೆ. ಒಂದು ಸದ್ದೂ ಇಲ್ಲ. ಎಣ್ಣೆಯಲ್ಲಿ ಅದ್ದಿದ ಹಾಗೆ ಹೊರಟಿತು. ಹಿಂದಿನ ಕನ್ನಡಿಯಲ್ಲಿ ನೋಡಿದೆ. ಅವಳು ಹೊಲಿದ ಹಳದಿ ಪರದೆಗಳು ಕಿಟಕಿಗಳಲ್ಲಿ ಅಲ್ಲಾಡುತ್ತ ನನ್ನ ಹಿಂದೆ ಬರುತ್ತಿದ್ದವು. ನನ್ನ ಹಿಂದೆ ಟ್ರಾಕ್ಟರಿಗೆ ಕಟ್ಟಿದ ಇನ್ನೊಂದು, ಅದರ ಹಿಂದೆ ಮತ್ತೊಂದು. ಚರ್ಚಿನಿಂದ ಹೊರಬಂದ ಜನ ರಸ್ತೆಯ ಎರಡೂ ಕಡೆ ನಿಂತು ಟೋಪಿ ತೆಗೆದರು. ಒಂದು ಓಣಿಗೆ ಓಣಿಯೇ ಗುಡ್ಡ ಹತ್ತುತ್ತಿತ್ತು. ನನ್ನ ಮೈ ಜುಮ್ಮೆಂದಿತು, ಈಗ ಹೇಳುವಾಗಲೂ ಜುಮ್ಮೆನ್ನುತ್ತದೆ. ಇಷ್ಟು ವರ್ಷ ನಾವು ಇಲಿ ಎಂದು ನಕ್ಕಿದ್ದು ಇದಕ್ಕೇ ಎಂದು ನೆನೆದು ನಾಚಿಕೆಯೂ ಆಯಿತು.

ಸಂಜೆಯ ಹೊತ್ತಿಗೆ ಎಂಟು ಮನೆ ಮೇಲಿದ್ದವು. ತನ್ನದು ಕೊನೆಗೆ ಎಂದು ಆರ್ಡೀಲಿಯಾ ಮೊದಲೇ ಹೇಳಿದ್ದಳು. ಮೋಜೆಲಳ ಮನೆಗೆ ಚಕ್ರ ನನ್ನ ಶೆಡ್ಡಿನಿಂದ ತರಬೇಕಿತ್ತು. ಶೆಡ್ಡು ಹೊಳೆಯ ಆಚೆ ದಂಡೆಯಲ್ಲಿ. ಈಗಲೇ ಹೋಗಿ ತಾ ಎಂದಳು ಆರ್ಡೀಲಿಯಾ. ಸೊಂಟ ಬಿದ್ದುಹೋಗಿತ್ತು, ನಾಳೆ ಬೆಳಿಗ್ಗೆ ತರ್ತೀನಕ್ಕ ಎಂದೆ. ಈ ಒಂದು ಮಾತನ್ನು ನುಂಗಿಕೊಳ್ಳುವಂತಿದ್ದರೆ ಈಗಲೂ ನುಂಗಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದಾಗ ಸೇತುವೆಯ ಮೇಲೆ ನೀರಿತ್ತು. ನನ್ನ ಶೆಡ್ಡು ಆಚೆ, ನಾನು ಈಚೆ.

ಸೋಮವಾರ ಓಣಿಗೆ ಬಂದಾಗ ತುದಿಯ ಚರಂಡಿ ತುಂಬಿತ್ತು. ಮಧ್ಯಾಹ್ನ ಎರಡರವರೆಗೆ ಓಣಿಯಲ್ಲಿ ಲಾರಿ ನಿಲ್ಲಬಹುದು, ಆಮೇಲೆ ಇಲ್ಲ. ಆರ್ಡೀಲಿಯಾಳ ಮನೆಯ ಕೆಳಗೆ ಆರು ಚಕ್ರ. ಮೋಜೆಲಳ ಮನೆಯ ಕೆಳಗೆ ಬರೀ ಇಟ್ಟಿಗೆ. ಮೇಲೆ ಹೋದ ಮನೆಗಳ ಚಕ್ರ ಬಿಚ್ಚಿ ತರೋಣವೆಂದರೆ, ಅವನ್ನು ಎತ್ತಿ ಕೂರಿಸಲು ಅಲ್ಲಿ ಇಟ್ಟಿಗೆಯೂ ಇರಲಿಲ್ಲ, ನಮಗೆ ಹೊತ್ತೂ ಇರಲಿಲ್ಲ. ಮೋಜೆಲ್ ಭಾನುವಾರದ ಟೋಪಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ತನ್ನ ಮೆಟ್ಟಿಲ ಮೇಲೆ ಕೂತಿದ್ದಳು. ಸೊಸೆಯ ಕಾರು ಬರುವುದಿತ್ತು. ಆ ಮನೆ ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಬೇರೆ ಏನೂ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು ಅದು.

ಶೆಡ್ಡಿನ ಸುದ್ದಿಯನ್ನು ತಡವರಿಸುತ್ತ ಹೇಳಿದೆ. ಆರ್ಡೀಲಿಯಾ ನನ್ನ ಮುಖವನ್ನೇ ನೋಡಿದಳು. ಬೈಗುಳಕ್ಕೆ ಕಾದೆ. ಅವಳು ಬೂಟು ಬಿಗಿದುಕೊಂಡು, ತನ್ನ ಮನೆಯ ತಗಡು ಕಿತ್ತು, ಕೆಳಗೆ ತೆವಳಿ ಹೋಗಿ ಅಲ್ಲಿಂದ ಕೂಗಿದಳು. ಸ್ಪ್ಯಾನರ್ ತಾ ಎಂದಳು. ಈ ಮೂರು ಆಕ್ಸಲ್ ಬಿಚ್ಚಿ ಎದುರುಮನೆಗೆ ಹಾಕು ಎಂದಳು.

ನಾನು ಜಗಳಕ್ಕೇ ನಿಂತೆ. ಆ ಮನೆಗೆ ಹಾಕುವಷ್ಟರಲ್ಲಿ ಮೂರು ಗಂಟೆ ಹೋಗುತ್ತದೆ, ಇನ್ನೊಂದು ಸುತ್ತಿಗೆ ಹೊತ್ತಿಲ್ಲ, ನಿನ್ನ ಮನೆ ಮುಳುಗುತ್ತದೆ, ನಿನ್ನದಾದರೆ ಈಗಿಂದೀಗಲೇ ಎಳೆಯಬಹುದಾದ ಮನೆ, ಅವಳು ನಿನ್ನನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಎಲ್ಲ ಹೇಳಿದೆ. ಕೆಳಗಿಂದ ನಟ್ಟು ಬಿಚ್ಚುವ ಸದ್ದು ಬಂತು. ಕೊನೆಗೆ ನಾನೂ ಒಳಗೆ ತೆವಳಿದೆ.

ಮೊದಲ ಆಕ್ಸಲ್ ಅನ್ನು ಓಣಿಗೆ ಅಡ್ಡಲಾಗಿ ಉರುಳಿಸಿಕೊಂಡು ಹೋಗಿ ಅವಳು ಮೋಜೆಲಳ ಮುಂದೆ ನಿಂತಳು. ಹತ್ತೊಂಬತ್ತು ವರ್ಷ.

"ನಿನ್ ಚಕ್ರ ತಂದಿದ್ದೀನಿ," ಎಂದಳು ಆರ್ಡೀಲಿಯಾ.

"ನಾನು ಕೇಳ್ಲಿಲ್ಲ."

"ಕೇಳ್ಬೇಡ. ಎದ್ದು ಅತ್ಲಾಗೆ ನಿಂತ್ಕೋ, ಮೆಟ್ಲು ಎತ್ತಿಡ್ಬೇಕು."

ಮೋಜೆಲ್ ಏಳಲಿಲ್ಲ. ಆಕ್ಸಲ್ ನೋಡಿದಳು, ಎದುರುಮನೆಯ ಕೆಳಗಿನ ಖಾಲಿ ಜಾಗ ನೋಡಿದಳು.

"ನಿಂದು?"

"ಸ್ನಾನದ ತೊಟ್ಟಿ ಹತ್ರ ನೆಲ ಮೆತ್ತಗಾಗೈತೆ," ಎಂದಳು ಆರ್ಡೀಲಿಯಾ. "ಮಾರಕ್ಕೆ ಬಂದಿದ್ರೆ ನಾನೇ ಕೊಳ್ತಿರ್ಲಿಲ್ಲ."

ಮೋಜೆಲ್ ಎದ್ದಳು. ಭಾನುವಾರದ ಟೋಪಿಯನ್ನು ತೆಗೆದು ನನ್ನ ಲಾರಿಯ ಸೀಟಿನ ಮೇಲಿಟ್ಟು ಬಂದು, ಜ್ಯಾಕಿನ ಹಿಡಿ ಹಿಡಿದಳು. ಆ ಮೂರು ಗಂಟೆ ಇಬ್ಬರೂ ಮಾತಾಡಲಿಲ್ಲ. ಆದರೆ ಹದಿನಾಲ್ಕು ವರ್ಷ ಅಕ್ಕಪಕ್ಕ ಹೊಲಿದ ಕೈಗಳಲ್ಲವೇ, ಒಬ್ಬಳು ಕೈ ಚಾಚುವ ಮೊದಲೇ ಇನ್ನೊಬ್ಬಳು ಬೇಕಾದ ಸ್ಪ್ಯಾನರ್ ಕೊಡುತ್ತಿದ್ದಳು. ನಾನು ಕೂಲಿಯವನಂತೆ ನಡುವೆ ಒದ್ದಾಡಿದೆ. ಒಂದೂಮುಕ್ಕಾಲಿಗೆ ಹಸಿರು ಮನೆ ಹೊರಟಿತು. ಚಕ್ರ ನೀರಿನಲ್ಲಿ ಅರ್ಧ ಮುಳುಗಿತ್ತು, ಮುಂದೆ ನೀರು ಸೀಳಿಕೊಂಡು ಹೋಗುತ್ತಿತ್ತು. ಹೊರಡುವ ಮೊದಲೇ ಆರ್ಡೀಲಿಯಾ ತನ್ನ ಮನೆಯಿಂದ ಮೂರು ಚೀಲ, ಹೊಲಿಗೆ ಮೆಷಿನ್, ಮೊಟ್ಟೆಯ ಬುಟ್ಟಿ ತಂದು ಲಾರಿಗೆ ಹಾಕಿದ್ದಳು. ಹಿಂದಿರುಗಿ ನೋಡಲಿಲ್ಲ. ನಾನು ನೋಡಿದೆ.

ನೀರು ಹನ್ನೊಂದು ದಿನ ನಿಂತಿತ್ತು. ಇಳಿದ ಮೇಲೆ ಅವಳ ಜೊತೆ ನಾನೂ ಹೋದೆ. ಗೋಡೆಯ ಮೇಲೆ ಕಿಟಕಿಯ ನಡುಮಟ್ಟದವರೆಗೆ ಕೆಸರಿನ ಗೆರೆ. ಅವಳು ಬಾಗಿಲಲ್ಲಿ ನಿಂತು ಬೂಟು ಕಳಚಿದಳು. ಕಾಲುಚೀಲ ತೆಗೆದು ಬೂಟಿನೊಳಕ್ಕೆ ತುರುಕಿದಳು. ಬರಿಗಾಲಲ್ಲಿ ಕೆಸರಿನ ಮೇಲೆ, ಗೋಡೆಯ ಪಕ್ಕದಲ್ಲೇ, ಅಡಿಗೆಮನೆಯಿಂದ ಮಲಗುವ ಕೋಣೆಯವರೆಗೆ ನಡೆದು ಹಿಂದಿರುಗಿದಳು. ಬೇರೆಯವರ ಮನೆ ನೋಡಲು ಹೋದವಳಂತೆಯೇ. ಹೊರಗೆ ಬಂದು, "ಬರೀ ಕಬ್ಬಿಣದ ಬೆಲೆ. ನಾನೂರಕ್ಕಿಂತ ಒಂದು ಕಾಸೂ ಹೆಚ್ಚು ಕೊಡ್ಬೇಡ," ಎಂದಳು. ಯಾರಿಗೆ ಹೇಳಿದಳೋ. ನಾನು ಅವಳ ಎದುರು ಅಳುವ ಧೈರ್ಯವಾಗದೆ ಲಾರಿಯ ಟಯರು ಒದೆಯುತ್ತ ನಿಂತೆ.

ನಾನೂರಕ್ಕೇ ಹೋಯಿತು. ಅದಕ್ಕೆ ಇನ್ನಷ್ಟು ಸೇರಿಸಿ ಒಂಬೈನೂರಕ್ಕೆ ಅವಳು ಒಂದು ಹಳೆಯ ಮನೆ ಕೊಂಡಳು. ಮೂವತ್ತೇಳನೆಯದು. ಕೆಳಗೆ ಚಕ್ರವಿಲ್ಲದ ಮನೆ. ಹಿಂದಿನ ಯಜಮಾನ ಮಾರಿಕೊಂಡಿದ್ದ. ಅಷ್ಟರಲ್ಲಿ ಸೇತುವೆ ತೆರೆದಿತ್ತು, ನನ್ನ ಬಾಡಿಗೆ ಚಕ್ರದ ಮೇಲೆ ಅದನ್ನು ಕಾರ್ಖಾನೆಯ ಅಂಗಳಕ್ಕೆ ತಂದು ನಿಲ್ಲಿಸಿದೆ. ಚಕ್ರ ಸೋಮವಾರ ಬಿಚ್ಚಿಕೊಂಡು ಹೋಗು ಎಂದಳು.

ಹೊಸ ಮನೆಗೆ ಬಂದವರಿಗೆ ನೆರೆಯವರು ಒಂದೊಂದು ಪೌಂಡ್ ಸಾಮಾನು ಕೊಡುವುದು ನಮ್ಮಲ್ಲಿ ಪದ್ಧತಿ. ಒಬ್ಬರು ಒಂದು ಪೌಂಡ್ ಹಿಟ್ಟು, ಒಬ್ಬರು ಕಾಫಿ, ಒಬ್ಬರು ಬೆಣ್ಣೆ. ಭಾನುವಾರ ಚರ್ಚು ಮುಗಿದ ಮೇಲೆ, ಇನ್ನೂ ಅದೇ ಅಂಗಳದಲ್ಲಿದ್ದ ಓಣಿಯ ಎಂಟು ಮನೆಯವರೂ ಬಂದರು. ಒಬ್ಬರ ಕೈಯಲ್ಲೂ ಹಿಟ್ಟು ಇರಲಿಲ್ಲ. ಒಬ್ಬೊಬ್ಬರೂ ಒಂದೊಂದು ಚಕ್ರ ಉರುಳಿಸಿಕೊಂಡು ಬಂದಿದ್ದರು. ಮುಂದೆ ಹೋರೇಸ್, ಅವನ ಚಕ್ರಕ್ಕೆ ಇನ್ನೂ ಸುಣ್ಣ ಮೆತ್ತಿಕೊಂಡಿತ್ತು. ಎಂಟು ಚಕ್ರ ಅಂಗಳದಲ್ಲಿ ಸಾಲಾಗಿ ಮಲಗಿದವು. ನಾನು ಅಲ್ಲೇ ಇದ್ದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಚಕ್ರ ಬಿಚ್ಚಬೇಡಿ ಎಂದು ಇಪ್ಪತ್ತು ವರ್ಷ ಬಡಿದುಕೊಂಡವಳಿಗೆ ಚಕ್ರವನ್ನೇ ಬಿಚ್ಚಿ ತಂದಿದ್ದರು.

ಅವಳು ಆ ಸಾಲಿನ ಉದ್ದಕ್ಕೂ ನಡೆದು ನೋಡಿದಳು. ಸೆರಗಿಲ್ಲದವಳು ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಹೋರೇಸನ ಕಡೆ ತಿರುಗಿದಳು.

"ನಿನ್ ಮನೆ ಕೆಳಗೆ ಈಗ ಎಷ್ಟು ಚಕ್ರ ಐತೆ?"

"ಐದು ಅಕ್ಕ."

"ಐದು ಚಕ್ರದ ಮನೆ ಎಲ್ಲಿಗೋ ಹೋಯ್ತದೆ? ಅರ್ಧ ದಾರಿಗಾ?"

ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಳು. ಎಂಟು ಜನವೂ ಭಾನುವಾರದ ಬಟ್ಟೆಯಲ್ಲೇ ಚಕ್ರ ಉರುಳಿಸಿಕೊಂಡು ವಾಪಸು ಹೋದರು. ಅವಳೇ ಹಿಂದೆ ಹೋಗಿ, ನಟ್ಟು ಬಿಗಿಯಾಗಿದೆಯೇ ಎಂದು ಬಗ್ಗಿ ನೋಡಿ ಬಂದಳು.

ಕೊನೆಗೆ ಮೋಜೆಲ್ ಬಂದಳು. ಅವಳೊಬ್ಬಳು ಪದ್ಧತಿಯಂತೆ ಒಂದು ಪೌಂಡ್ ಸಕ್ಕರೆ ತಂದಿದ್ದಳು. ಆರ್ಡೀಲಿಯಾಳ ಕಡೆ ನೋಡದೆ ನೇರವಾಗಿ ನನ್ನ ಹತ್ತಿರ ಬಂದು ನಿಂತಳು.

"ಥ್ಯಾಡ್, ಈ ಮನೆ ಕೆಳಗಿರೋ ಚಕ್ರಕ್ಕೆ ಎಷ್ಟು?"

ಪ್ರವಾಹವಾದ ಮೇಲೆ ಚಕ್ರಕ್ಕೆ ಚಿನ್ನದ ಬೆಲೆ ಬಂದಿತ್ತು. ಎಂಟುನೂರಕ್ಕೆ ಕೇಳಿದವರಿದ್ದರು. ನನಗೆ ಆ ಬಿಳಿ ಬಣ್ಣ ಚೆಲ್ಲಿದ ಚಕ್ರ ನೆನಪಾಯಿತು, ಕಾರ್ನ್‌ಫ್ಲೇಕ್ಸ್ ಡಬ್ಬಿ ನೆನಪಾಯಿತು.

"ಇನ್ನೂರು," ಎಂದೆ.

ಅವಳು ಕೈಚೀಲ ತೆರೆದು ಇನ್ನೂರು ಕೊಟ್ಟಳು. ನಾನು ತಗೊಂಡೆ. ಬೇಡ ಎಂದಿದ್ದರೆ ಆ ಹಳೆಯ ಲೆಕ್ಕ ತೀರುತ್ತಿರಲಿಲ್ಲ.

ಮೋಜೆಲ್ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತು, ಒಂದು ಕೈಯಿಂದ ಚೌಕಟ್ಟು ಹಿಡಿದುಕೊಂಡು, ಭಾನುವಾರದ ಷೂ ಕಳಚಿದಳು. ಬರಿಗಾಲಲ್ಲಿ ಒಳಗೆ ಹೋದಳು. ಅವಳು ನಿಧಾನವಾಗಿ ನಡೆಯುವುದು ನಮಗೆ ಹೊರಗೆ ಕೇಳಿಸುತ್ತಿತ್ತು. ಒಂದು ಕಡೆ ಹೆಜ್ಜೆ ನಿಂತಿತು, ನೆಲ ಕಿರ್ ಎಂದಿತು.

"ಇಲ್ಲಿ ಮೆತ್ತಗೈತೆ ಕಣೇ," ಎಂದಳು ಒಳಗಿಂದ.

"ಗೊತ್ತು," ಎಂದಳು ಆರ್ಡೀಲಿಯಾ. "ಅದಕ್ಕೇ ಒಂಬೈನೂರಕ್ಕೆ ಬಂತು."

"ಬಾ ಒಳಗೆ. ಹಲಗೆ ಕೀಳೋಣ."

ಆರ್ಡೀಲಿಯಾ ಬೂಟು ಕಳಚಿ ಒಳಗೆ ಹೋದಳು. ಆ ಸೋಮವಾರ ನಾನು ಚಕ್ರ ಬಿಚ್ಚಲು ಹೋಗಲಿಲ್ಲ.